ದೂರುಗಾರನ ಹನ್ನೆರಡು ಹಾಳೆ

ಸಮುದ್ರ ಇನ್ನೂ ಎರಡು ದಿನದ ದಾರಿ ಇರುವಾಗಲೇ ನಿಧಾನವಾಗಿಬಿಡುವ ಒಂದು ನದಿಯ ದಡದಲ್ಲಿ ಬಿಳಿ ಕಲ್ಲಿನ ಊರೊಂದಿತ್ತು. ಆ ಊರಿನವರು ಸತ್ತವರ ದೇಹವನ್ನು ಮಣ್ಣಿಗೆ ಕೊಡುತ್ತಿದ್ದರು, ಸತ್ತವರ ಮಾತನ್ನು ನೀರಿಗೆ ಕೊಡುತ್ತಿದ್ದರು.

ನೀರಿಗೆ ಕೊಡುವುದೆಂದರೆ ಏನೆಂಬುದನ್ನು ಬಿಡಿಸಿ ಹೇಳಬೇಕು. ಅಲ್ಲಿ ಬರೆಯುತ್ತಿದ್ದುದು ತೊಗಲಿನ ಹಾಳೆಗಳ ಮೇಲೆ. ಯಾರಾದರೂ ಸತ್ತರೆ ಅವರು ಬದುಕಿರುವಾಗ ಬರೆದ ಹಾಳೆಗಳನ್ನೆಲ್ಲ ಹೊಳೆಯ ಮೆಟ್ಟಿಲಿಗೆ ತಂದು, ಹಾಲಿನಲ್ಲಿ ನೆನೆಸಿ, ತವುಡು ಹಾಕಿ ಉಜ್ಜಿ, ಅಕ್ಷರವೆಲ್ಲ ಹೋಗುವವರೆಗೆ ತೊಳೆಯಬೇಕು. ನಾಲ್ಕನೆಯ ದಿನ ಸೂರ್ಯ ಮುಳುಗುವುದರೊಳಗೆ ಒಂದು ಅಕ್ಷರವೂ ಉಳಿದಿರಬಾರದು. ಒಣಗಿದ ಹಾಳೆ ಬದುಕಿರುವ ಇನ್ನೊಬ್ಬರ ಪಾಲಿಗೆ ಹೋಗುತ್ತಿತ್ತು. ಇದು ಸಿಟ್ಟಿನಿಂದ ಮಾಡಿದ ನಿಯಮವಲ್ಲ. ಸತ್ತವರ ಮಾತಿನ ಭಾರ ಇದ್ದವರ ಮೇಲೆ ಬೀಳಬಾರದೆಂದು ಹಿಂದಿನವರು ಯೋಚಿಸಿ ಮಾಡಿದ್ದು. ಆದ್ದರಿಂದ ಆ ಊರಿನ ಕೆಳಗೆ ಹೊಳೆ ಯಾವಾಗಲೂ ತುಸು ಕಪ್ಪಗೆ ಹರಿಯುತ್ತಿತ್ತು. ಹೊಟ್ಟೆಯಲ್ಲಿ ಕಪ್ಪು ಗೆರೆಯಿರುವ ಮೀನು ಸಿಕ್ಕಿದರೆ, ಇದು ಯಾರದೋ ಮಾತು ತಿಂದಿದೆ ಎಂದು ಬೆಸ್ತರು ಅದನ್ನು ಹೊಳೆಗೇ ಎಸೆಯುತ್ತಿದ್ದರು.

ಸತ್ತವನ ಮಾತು ಉಳಿಯಲು ಒಂದೇ ಒಂದು ದಾರಿಯಿತ್ತು. ಬದುಕಿರುವವನೊಬ್ಬ ಅದನ್ನು ತನ್ನ ಕೈಯಿಂದ ತನ್ನ ಹಾಳೆಗೆ ಬರೆದುಕೊಂಡಿರಬೇಕು. ಸುಮ್ಮನೆ ನಕಲು ಮಾಡುವಂತಿಲ್ಲ. ಹಾಳೆಯ ಮೇಲರ್ಧದಲ್ಲಿ ಸತ್ತವನ ಮಾತು, ಕೆಳಗಿನ ಅರ್ಧ ಅದಕ್ಕೆ ತನ್ನ ಉತ್ತರಕ್ಕೆ ಮೀಸಲು. ಹೀಗಾಗಿ ಆ ಊರಿನಲ್ಲಿ ಯಾರ ಮಾತಾದರೂ ಉಳಿದಿದ್ದರೆ ಅದು ಅವರನ್ನು ಪ್ರೀತಿಸಿದವರಿಂದ ಉಳಿದದ್ದಲ್ಲ, ಅವರೊಂದಿಗೆ ವಾದಕ್ಕಿಳಿದವರಿಂದ ಉಳಿದದ್ದು. ಪ್ರೀತಿಸಿದವರು ಅಳುತ್ತಿದ್ದರು. ವಾದಿಸಿದವರು ಬರೆಯುತ್ತಿದ್ದರು.

ಈ ಊರಿನ ಬಣ್ಣದವರ ಕೇರಿಯಲ್ಲಿ, ಅಂದರೆ ಬಟ್ಟೆಗೆ ಬಣ್ಣ ಹಾಕುವವರು ಇರುವ ಕೇರಿಯಲ್ಲಿ, ನಲವತ್ತು ಮನೆಗಳಿದ್ದವು. ಊರಿನ ಪ್ರತಿ ಮನೆಯ ಗೋಡೆಯಲ್ಲೂ ಒಂದು ಗೂಡು, ಗೂಡಿನಲ್ಲಿ ಒಂದು ದೇವರು. ಈ ನಲವತ್ತು ಮನೆಗಳಲ್ಲಿ ಮಾತ್ರ ಗೂಡು ಖಾಲಿ. ಅವರು ಮರಗೆಲಸದವನೊಬ್ಬನನ್ನು ನಂಬಿದವರು. ದೂರದ ಒಂದು ನಾಡಿನಲ್ಲಿ ದೇವರ ಮಾತೇ ಆ ಮನುಷ್ಯನಾಗಿ ಬಂತು, ಆಳುವವರು ಅವನನ್ನು ಮರಕ್ಕೆ ಜಡಿದು ಕೊಂದರು, ಮೂರನೆಯ ದಿನ ಅವನು ಎದ್ದು ಬಂದ ಎಂದು ನಂಬಿದವರು. ಲೋಕ ಆಮೇಲೆ ಅವರನ್ನು ಕ್ರೈಸ್ತರೆಂದು ಕರೆಯಿತು. ಆ ಊರಿನಲ್ಲಿ ಅವರಿಗಿದ್ದ ಹೆಸರು ಖಾಲಿ ಗೂಡಿನವರು ಎಂದಷ್ಟೆ.

ಅವರ ನಡುವೆ ಒಬ್ಬನಿದ್ದ. ಅವನು ಬಣ್ಣದವನಲ್ಲ. ಯೌವನದಲ್ಲಿ ಊರಿನ ದೊಡ್ಡ ಗುರುವಿನ ಬಳಿ ಕಲಿತು, ಜ್ಞಾನಿಗಳು ಹೊದೆಯುವ ಬಣ್ಣವಿಲ್ಲದ ಕಂಬಳಿಯನ್ನು ಪಡೆದವನು. ಖಾಲಿ ಗೂಡಿನವರನ್ನು ಸೇರಿದ ಮೇಲೂ ಅವನು ಆ ಕಂಬಳಿಯನ್ನು ಬಿಡಲಿಲ್ಲ. ನಿಜವನ್ನು ಹುಡುಕಲೆಂದು ಹೊದ್ದದ್ದು, ನಿಜ ಸಿಕ್ಕಿದ ಮೇಲೆ ಯಾಕೆ ತೆಗೆಯಬೇಕು ಎನ್ನುತ್ತಿದ್ದ. ತಮ್ಮ ಮೇಲೆ ಬಂದ ಮಾತುಗಳಿಗೆಲ್ಲ ಉತ್ತರ ಹೇಳುತ್ತಿದ್ದುದರಿಂದ ಅವನನ್ನು ಉತ್ತರಗಾರ ಎಂದು ಕರೆಯುತ್ತಿದ್ದರು.

ಅದೇ ಗುರುವಿನ ಬಳಿ, ಅದೇ ಚಾಪೆಯ ಮೇಲೆ ಪಕ್ಕದಲ್ಲಿ ಕೂತು ಕಲಿತ ಇನ್ನೊಬ್ಬನಿದ್ದ. ಅವನು ದೂರುಗಾರ. ಖಾಲಿ ಗೂಡಿನವರಿಂದ ಊರು ಕೆಡುತ್ತದೆಂದು ಅವನು ಮನಸಾರೆ ನಂಬಿದ್ದ. ಮನಸಾರೆ ಎಂಬ ಮಾತನ್ನು ಮರೆಯಬಾರದು, ಅವನು ಕೆಟ್ಟವನಾಗಿರಲಿಲ್ಲ. ಮೂರು ವರ್ಷ ಕೂತು ಅವರ ಮೇಲೆ ಹನ್ನೆರಡು ದೂರುಗಳನ್ನು ಹನ್ನೆರಡು ಹಾಳೆಗಳಲ್ಲಿ ಬರೆದ. ಬರೆದು ಮುಗಿಯಿತೆಂದು ಸಭೆಗೆ ತಿಳಿಸಿದ. ಸಭೆ ದಿನ ಗೊತ್ತುಮಾಡಿತು. ಆ ದಿನ ದೂರುಗಳಿಗೆ ಉತ್ತರ ಹೇಳಿದರೆ ಕೇರಿ ಉಳಿಯುತ್ತದೆ. ಒಂದಕ್ಕೆ ಉತ್ತರ ಇಲ್ಲದಿದ್ದರೂ ನಲವತ್ತು ಮನೆಯವರೂ ದೋಣಿ ಹತ್ತಿ ಊರು ಬಿಡಬೇಕು.

ಸಭೆಗೆ ಐದು ದಿನ ಇರುವಾಗ ದೂರುಗಾರ ಅಂಜೂರದ ಮರದ ಕೆಳಗೆ ಕೂತಲ್ಲಿಯೇ ಸತ್ತುಹೋದ.

ಬಣ್ಣದವರ ಕೇರಿಯಲ್ಲಿ ಯಾರೂ ನಗಲಿಲ್ಲ, ಆದರೆ ಎಲ್ಲರ ಭುಜವೂ ಸ್ವಲ್ಪ ಕೆಳಗಿಳಿಯಿತು. ನಾಲ್ಕು ದಿನದಲ್ಲಿ ಹಾಳೆಗಳು ತೊಳೆದುಹೋಗುತ್ತವೆ, ದೂರೇ ಇಲ್ಲದ ಮೇಲೆ ಸಭೆಯೂ ಇಲ್ಲ. ಕೇರಿಯ ಹಿರಿಯ, ಅಂದರೆ ಪ್ರತಿ ಭಾನುವಾರ ಎಲ್ಲರಿಗೂ ರೊಟ್ಟಿ ಮುರಿದು ಕೊಡುವ ಮುದುಕ, ಉತ್ತರಗಾರನ ಮನೆಗೆ ಬಂದು ನಿನ್ನ ಲೇಖನಿಗೆ ಇನ್ನು ವಿಶ್ರಾಂತಿ ಎಂದ.

ಉತ್ತರಗಾರ ಒಪ್ಪಲಿಲ್ಲ. ಹಾಳೆ ಮಾತ್ರ ತೊಳೆದುಹೋಗುತ್ತದೆ, ಸಂತೆಯ ಬಾಯಿಮಾತು ತೊಳೆದುಹೋಗುವುದಿಲ್ಲ ಎಂದು ಅವನು ಬಿಡಿಸಿ ಹೇಳಿದ. ನಮ್ಮ ಹೆಂಗಸರು ಬಾವಿಯ ಹಗ್ಗ ಮುಟ್ಟಿದರೆ ಉಳಿದವರು ಹಗ್ಗ ಬದಲಿಸುತ್ತಾರೆ, ನಾವು ಕೂಸುಗಳನ್ನು ತಿನ್ನುತ್ತೇವೆಂದು ಹೇಳುತ್ತಾರೆ. ಕೇಳದ ಪ್ರಶ್ನೆಗೆ ಉತ್ತರ ಹೇಳಲು ಈ ಊರಿನಲ್ಲಿ ಯಾರಿಗೂ ಅಪ್ಪಣೆಯಿಲ್ಲ. ದೂರು ತೊಳೆದುಹೋದರೆ ನಮ್ಮ ಉತ್ತರವೂ ಹುಟ್ಟುವ ಮೊದಲೇ ತೊಳೆದುಹೋದಂತೆ. ಯಾರಾದರೊಬ್ಬರು ಅವನ ಮಾತನ್ನು ಹೊರಬೇಕು.

"ಶತ್ರುವನ್ನು ಹೆಗಲ ಮೇಲೆ ಕೂರಿಸಿಕೊಂಡು ಸಭೆಗೆ ಹೋಗ್ತೀಯಾ?" ಎಂದು ಹಿರಿಯ ಕೇಳಿದ.

ಹೌದು ಎಂದ ಉತ್ತರಗಾರ. ಹಾಗೆ ಅವನು ಮರುದಿನ ಬೆಳಗ್ಗೆ ಖಾಲಿ ಹಾಳೆಗಳ ಕಟ್ಟು ಹಿಡಿದು ಹೊಳೆಯ ಮೆಟ್ಟಿಲಿಗೆ ಹೋದ.

ಮೆಟ್ಟಿಲ ಮೇಲೆ ಹಾಳೆ ತೊಳೆಯುವವಳು ಕೂತಿದ್ದಳು. ಅವಳೂ ಖಾಲಿ ಗೂಡಿನವಳೇ. ಅವಳಿಗೆ ಓದಲು ಬಾರದು; ಓದಲು ಬಾರದವರಿಗೇ ಆ ಕೆಲಸ ಕೊಡುತ್ತಿದ್ದರು, ಓದುವವರಾದರೆ ತೊಳೆಯಲು ಮನಸ್ಸು ಬರುವುದಿಲ್ಲವೆಂದು. ಆದರೆ ಶಾಯಿಯ ವಿಷಯ ಅವಳಿಗೆ ತಿಳಿದಷ್ಟು ಯಾರಿಗೂ ತಿಳಿಯದು. ಸುಳ್ಳು ಬರೆದವನ ಶಾಯಿ ಜಿಡ್ಡು, ಭಯಪಟ್ಟವನದು ಪುಡಿಪುಡಿ ಎಂದು ಬೆರಳಲ್ಲಿ ಮುಟ್ಟಿ ಹೇಳುತ್ತಿದ್ದಳು.

ಇಬ್ಬರೂ ಒಂದು ಒಪ್ಪಂದಕ್ಕೆ ಬಂದರು. ಅವಳು ಒಂದೊಂದೇ ಹಾಳೆ ಕೊಡುವುದು, ಅವನು ಅದನ್ನು ತನ್ನ ಹಾಳೆಯ ಮೇಲರ್ಧಕ್ಕೆ ಬರೆದುಕೊಳ್ಳುವುದು, ಅವನು ವಾಪಸು ಕೊಟ್ಟ ಮೇಲೆ ಅವಳು ತೊಳೆಯುವುದು. ಹಾಲು, ತವುಡು, ನೀರು. ಬರೆದ, ಕೊಟ್ಟ, ಅವಳು ತೊಳೆದಳು. ಹಾಲು, ತವುಡು, ನೀರು.

"ಅವನು ನನ್ನ ಬಗ್ಗೆ ಏನಾದ್ರೂ ಬರೆದಿದ್ದಾನಾ ಅಣ್ಣಾ?" ಎಂದಳು ಅವಳು ಮೊದಲನೆಯ ದಿನ.

ಅವನು ಮೂರನೆಯ ಹಾಳೆ ಓದಿದ. ಇವರ ಪಂಥಕ್ಕೆ ಸೇರುವವರು ಯಾರು? ಉಣ್ಣೆ ಬಿಡಿಸುವವರು, ಚಪ್ಪಲಿ ಹೊಲಿಯುವವರು, ಬಟ್ಟೆ ಒಗೆಯುವ ಹೆಂಗಸರು.

"ಬಟ್ಟೆ ಒಗೆಯುವವರಾ? ಹಾಳೆ ತೊಳೆಯುವವಳು ಅಂತ ಇಲ್ವಾ?"

"ಇಲ್ಲ."

"ಮರೆತಿದ್ದಾನೆ ಪಾಪ. ನೀನು ಸೇರಿಸಿ ಬರಿ."

"ಸೇರಿಸೋ ಹಾಗಿಲ್ಲ ತಂಗಿ. ಅವನು ಹೇಳಿದಷ್ಟೇ."

"ಮೂವತ್ತು ವರ್ಷ ಊರಿನವರ ಮಾತೆಲ್ಲ ತೊಳೆದೆ. ಬೈಯುವಾಗಲಾದರೂ ನನ್ನನ್ನ ನೆನೆಸಿಕೊಳ್ಳಬಾರದಾ?" ಎಂದು ಅವಳು ಹಾಳೆಯನ್ನು ಸ್ವಲ್ಪ ಜೋರಾಗಿಯೇ ಉಜ್ಜಿದಳು.

ಇಲ್ಲಿ ಅಣ್ಣ, ತಂಗಿ ಎಂದದ್ದರ ಬಗ್ಗೆ ಒಂದು ಮಾತು. ಖಾಲಿ ಗೂಡಿನವರು ಎಲ್ಲರೂ ಎಲ್ಲರನ್ನೂ ಹಾಗೆಯೇ ಕರೆಯುತ್ತಿದ್ದರು, ಗಂಡನನ್ನೂ ಅಣ್ಣ ಎನ್ನುತ್ತಿದ್ದರು. ಅದಕ್ಕೇ ಐದನೆಯ ಹಾಳೆಯಲ್ಲಿ ದೂರುಗಾರ, ಇವರಲ್ಲಿ ಅಣ್ಣ ತಂಗಿಯರೇ ಮದುವೆಯಾಗುತ್ತಾರೆ ಎಂದು ಬರೆದಿದ್ದ. ಅದನ್ನು ನಕಲು ಮಾಡುವಾಗ ಉತ್ತರಗಾರನಿಗೆ ನಗು ಬಂತು. ನಗು ಬಂದರೂ ಒಂದು ಅಕ್ಷರ ಬಿಡಲಿಲ್ಲ.

ಬೇರೆಯವನ ಮಾತನ್ನು ಅಕ್ಷರ ಬಿಡದೆ ಬರೆಯುವುದೆಂದರೆ ಅವನ ಉಸಿರಿನಲ್ಲಿ ಉಸಿರಾಡಿದ ಹಾಗೆ. ಎರಡನೆಯ ದಿನದ ಹೊತ್ತಿಗೆ ಉತ್ತರಗಾರನ ಕೈಬರಹ ಎಡಕ್ಕೆ ವಾಲತೊಡಗಿತು; ಎಡಕ್ಕೆ ವಾಲುತ್ತಿದ್ದುದು ದೂರುಗಾರನ ಬರಹ. ದೂರುಗಾರ ಯೋಚಿಸುವಾಗ ಕಿವಿ ಹಿಡಿದುಕೊಳ್ಳುತ್ತಿದ್ದ; ಈಗ ಇವನೂ ಕಿವಿ ಹಿಡಿದುಕೊಂಡ. ದಡದ ಮೇಲೆ ಹೋಗುತ್ತಿದ್ದವರು ಕಂಬಳಿಯನ್ನೂ ಬಗ್ಗಿದ ಬೆನ್ನನ್ನೂ ನೋಡಿ, ಸತ್ತವನ ಹೆಸರು ಹಿಡಿದು ಇವನಿಗೆ ನಮಸ್ಕಾರ ಹೇಳಿ ಹೋದರು. ಅವನೂ ತಲೆಯಾಡಿಸಿದ. ಹೊಳೆ ನಿಧಾನವಾಗಿ ಕಪ್ಪಗೆ ಹರಿಯಿತು. ಹಾಲು, ತವುಡು, ನೀರು.

ನಾಲ್ಕನೆಯ ದಿನ ಮಧ್ಯಾಹ್ನ ಅವಳು ಕೊನೆಯ ಹಾಳೆಯನ್ನು ಕೈಗೆ ತೆಗೆದುಕೊಂಡು ಬೆರಳಿನಿಂದ ಸವರಿದಳು.

"ಇದರ ಶಾಯಿ ತೆಳು. ಅಳುಕುತ್ತಾ ಬರೆದಿದ್ದಾನೆ. ಒಂದೇ ಅದ್ದಿಗೆ ಹೋಗುತ್ತೆ" ಎಂದಳು.

ಉತ್ತರಗಾರ ಓದಿದ. ಹಾಳೆಯಲ್ಲಿ ಹೀಗಿತ್ತು:

"ದೇವರ ಮಾತು ಇಷ್ಟು ತಡವಾಗಿ ಯಾಕೆ ಬಂತು? ಅದು ಬರುವ ಮೊದಲು ಸತ್ತವರು ಏನಾದರು? ಹಿಂದಿನ ಜ್ಞಾನಿಗಳಿಗೂ ಆ ಮಾತಿನ ತುಣುಕುಗಳು ಸಿಕ್ಕಿದ್ದವು ಎಂದು ನನ್ನ ಗೆಳೆಯ ಹೇಳುತ್ತಾನೆ. ಇರಬಹುದು. ನನ್ನ ತಾಯಿ ಮೆಲಿತ್ತಾ ಜ್ಞಾನಿಯಲ್ಲ. ಅವಳು ಆಲಿವ್ ಕಾಯಿಗೆ ಉಪ್ಪು ಹಾಕುತ್ತಿದ್ದಳು. ಭಿಕ್ಷುಕರಿಗೆ ಬಿಸಿಯಾದದ್ದನ್ನೇ ಕೊಡುತ್ತಿದ್ದಳು. ನಿಮ್ಮ ಸುದ್ದಿ ಈ ಊರಿಗೆ ಬರುವ ಮುಂಚಿನ ಚಳಿಗಾಲದಲ್ಲಿ ಸತ್ತಳು. ಗೆಳೆಯಾ, ಅವಳು ಈಗ ಯಾವ ಬಾಗಿಲು ತಟ್ಟಬೇಕು?"

ಉತ್ತರಗಾರ ಅದನ್ನು ಮೂರು ಸಲ ಓದಿದ. ಉಳಿದ ಹನ್ನೊಂದಕ್ಕೂ ಓದುವಾಗಲೇ ಉತ್ತರ ನಾಲಿಗೆಗೆ ಬಂದಿತ್ತು. ಇದಕ್ಕೆ ಬರಲಿಲ್ಲ. ಯಾಕೆ ಬರಲಿಲ್ಲವೆಂದರೆ, ಅವನ ತಾಯಿಯೂ ಹಾಗೆಯೇ ಸತ್ತವಳು. ಸುದ್ದಿ ಬರುವ ಮುಂಚೆ. ಆ ಪ್ರಶ್ನೆ ಅವನಲ್ಲಿ ಇಪ್ಪತ್ತು ವರ್ಷದಿಂದ ಇತ್ತು. ಅವನು ಅದನ್ನು ಯಾರಿಗೂ ಹೇಳಿರಲಿಲ್ಲ, ಪ್ರಾರ್ಥನೆಯಲ್ಲೂ ಸುತ್ತುಹಾಕಿ ದಾಟಿಹೋಗುತ್ತಿದ್ದ.

ಅಷ್ಟರಲ್ಲಿ ಹಿರಿಯ ಕೋಲೂರಿಕೊಂಡು ಮೆಟ್ಟಿಲಿಳಿದು ಬಂದ. ಅವನಿಗೆ ಓದಲು ಬರುತ್ತಿತ್ತು. ಉತ್ತರಗಾರನ ಭುಜದ ಮೇಲಿಂದ ಬಗ್ಗಿ ಓದಿದ. ಓದಿ ಅಲ್ಲೇ ಕಲ್ಲಿನ ಮೇಲೆ ಕುಳಿತ.

"ಉತ್ತರ ಇದೆಯಾ?"

"ಇಲ್ಲ."

"ಹಾಗಾದರೆ ಇದನ್ನು ಅವಳಿಗೆ ಕೊಡು. ತೊಳೀಲಿ."

ಉತ್ತರಗಾರ ಹಾಳೆಯನ್ನು ಕೈಬಿಡಲಿಲ್ಲ. ಹಿರಿಯ ಸಿಟ್ಟಿನಿಂದಲ್ಲ, ರೋಗಿಗೆ ಔಷಧ ಕುಡಿಸುವವನ ಹಾಗೆ ನಿಧಾನವಾಗಿ ಹೇಳಿದ. ಹನ್ನೊಂದಕ್ಕೆ ನಿನ್ನ ಬಳಿ ಉತ್ತರವಿದೆ, ಹನ್ನೊಂದೇ ಸಾಕು. ಹನ್ನೆರಡು ಇದ್ದವೆಂದು ಸತ್ತವನಿಗೆ ಗೊತ್ತು, ನಮಗೆ ಮೂವರಿಗೆ ಗೊತ್ತು. ಕೇರಿಯಲ್ಲಿ ಮೊನ್ನೆ ಹುಟ್ಟಿದ ಅವಳಿ ಮಕ್ಕಳಿವೆ, ಎದ್ದು ಕೂರಲಾರದ ಮುದುಕಿಯರಿದ್ದಾರೆ, ಈಗಷ್ಟೇ ನೀಲಿ ಹಾಕಿ ಇಟ್ಟ ಐವತ್ತು ತೊಟ್ಟಿಗಳಿವೆ. ದೋಣಿಯಲ್ಲಿ ತೊಟ್ಟಿ ಒಯ್ಯಲು ಆಗುತ್ತದೆಯೇ?

"ನಾಳೆ ನಾನು ಸಭೆಯ ಕಲ್ಲಿನ ಮುಂದೆ ನಿಂತು 'ಸತ್ತವನು ಹೇಳಿದ್ದು ಇಷ್ಟೇ' ಅಂತ ಹೇಳಬೇಕು ಹಿರಿಯರೇ. ಅದು ನಿಯಮ."

"ಹೇಳು. ಮೂರು ಶಬ್ದ."

"ನಿಜವೇ ಮನುಷ್ಯನಾಗಿ ಬಂತು ಅಂತ ಹೇಳೋರು ನಾವು. ಅದನ್ನ ಸುಳ್ಳಿನಿಂದ ಶುರು ಮಾಡೋದಾ?"

"ನೀನು ಕಲಿತವನು. ನಿನಗೆ ನಿಜ ಅಂದರೆ ಮಾತು. ನನಗೆ ನಿಜ ಅಂದರೆ ಆ ನಲವತ್ತು ಒಲೆ" ಎಂದು ಹಿರಿಯ ಕೇರಿಯ ಕಡೆಗೆ ಕೋಲು ತೋರಿಸಿದ. ಕೇರಿಯಿಂದ ಆಗ ಹೊಗೆ ಏಳುತ್ತಿತ್ತು.

ಉತ್ತರಗಾರ ಹಾಳೆ ತೊಳೆಯುವವಳ ಕಡೆ ನೋಡಿದ. ಅವಳ ಮನೆಯೂ ನಲವತ್ತರಲ್ಲಿ ಒಂದು, ಆದ್ದರಿಂದ ಅವಳ ಮಾತಿಗೂ ತೂಕವಿತ್ತು. ಏನು ಬರೆದಿದ್ದಾನೆಂದು ಅವಳು ಕೇಳಿದಳು. ಅವನು ಓದಿ ಹೇಳಿದ. ಅವಳು ಒದ್ದೆ ಕೈಯನ್ನು ಮಡಿಲಲ್ಲಿಟ್ಟುಕೊಂಡಳು.

"ಅಣ್ಣಾ, ನಾನು ಎಷ್ಟೋ ಸಾವಿರ ಹಾಳೆ ತೊಳೆದಿದ್ದೇನೆ. ಅವುಗಳಲ್ಲಿ ಯಾರದೋ ಅವ್ವನ ಹೆಸರೂ ಇರುತ್ತೆ ಅಂತ ನನಗೆ ಗೊತ್ತಿರಲಿಲ್ಲ" ಎಂದಳು. ಬರಿ ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ.

ಉತ್ತರಗಾರ ತನ್ನ ಖಾಲಿ ಹಾಳೆಯನ್ನು ಮೊಣಕಾಲ ಮೇಲೆ ಹರಡಿ ಬರೆಯತೊಡಗಿದ. ಹಿರಿಯ ಎದ್ದ. ನಿನ್ನ ಮಾತು ಇನ್ನು ನನಗೆ ಬೇಡ ಎಂದು ಹೇಳಿ ಒಂದೊಂದೇ ಮೆಟ್ಟಿಲು ಹತ್ತಿ ಹೋದ. ಬರೆದು ಮುಗಿದ ಮೇಲೆ ಮೂಲದ ಹಾಳೆಯನ್ನು ಅವಳು ನೀರಿಗೆ ಅದ್ದಿದಳು. ಹಾಲೂ ಬೇಕಾಗಲಿಲ್ಲ, ತವುಡೂ ಬೇಕಾಗಲಿಲ್ಲ. ಒಂದೇ ಅದ್ದು.

ಮರುದಿನ ಬೆಳಗ್ಗೆ ಸಭೆ ಕೂಡಿತು. ಸಭೆಯ ನಡುವೆ ಆಳೆತ್ತರದ ಕರಿಕಲ್ಲು. ಉತ್ತರಗಾರ ತಂದ ಹಾಳೆಗಳನ್ನು ಎಣಿಸಿ ಅಷ್ಟು ಸುಣ್ಣದ ಗೆರೆಗಳನ್ನು ಅದರ ಮೇಲೆ ಎಳೆಯುತ್ತಾರೆ. ಉತ್ತರ ಒಪ್ಪಿಗೆಯಾದಾಗಲೆಲ್ಲ ಮುಖ್ಯ ತೀರ್ಪುಗಾರ ಬಟ್ಟಲಿನ ನೀರಿನಲ್ಲಿ ಬೆರಳದ್ದಿ ಒಂದು ಗೆರೆ ಒರೆಸುತ್ತಾನೆ. ಗೆರೆಗಳೆಲ್ಲ ಹೋದರೆ ಕಲ್ಲು ಖಾಲಿ, ಅಂದರೆ ದೂರು ಖಾಲಿ. ಅಂದು ಎಳೆದದ್ದು ಹನ್ನೆರಡು ಗೆರೆ.

"ಸತ್ತವನು ಹೇಳಿದ್ದು ಇಷ್ಟೇ" ಎಂದು ಉತ್ತರಗಾರ ಹೇಳಿದ, ಓದಲು ಶುರುಮಾಡಿದ.

ಅವನು ದೂರು ಓದುವಾಗ ಜನ ಬೆಚ್ಚಿದರು, ಯಾಕೆಂದರೆ ಕೇಳಿದ್ದು ದೂರುಗಾರನದೇ ದನಿ. ಸತ್ತವನ ಅಕ್ಕ ಎದ್ದುನಿಂತು ಮತ್ತೆ ಕೂತಳು. ಉತ್ತರ ಓದುವಾಗ ಮಾತ್ರ ಅವನ ದನಿ ಅವನದೇ ಆಗುತ್ತಿತ್ತು. ಕೂಸುಗಳನ್ನು ತಿನ್ನುತ್ತಾರೆಂಬ ದೂರಿಗೆ, ಬನ್ನಿ, ನಮ್ಮ ರೊಟ್ಟಿ ತಿಂದು ನೋಡಿ. ಹಲ್ಲು ಗಟ್ಟಿ ಇದ್ದವರು ಮಾತ್ರ ಬನ್ನಿ ಎಂದ. ಜನ ನಕ್ಕರು. ಗೆರೆ ಒರೆಸಿದರು. ದೇವರಿಲ್ಲದವರು ಎಂಬ ದೂರಿಗೆ, ಕುಂಬಾರ ತಾನು ಮಾಡಿದ ಗಡಿಗೆಗೆ ಕೈಮುಗಿಯುವುದಿಲ್ಲ, ಹಾಗೆಂದು ಕುಂಬಾರನಿಗೆ ದೇವರಿಲ್ಲ ಎನ್ನುತ್ತೀರಾ ಎಂದ. ಒರೆಸಿದರು. ಬಡ ಕೆಲಸದವರು ಎಂಬ ದೂರಿಗೆ, ದೂರು ಬರೆದ ನನ್ನ ಗೆಳೆಯನ ಕಾಲಲ್ಲಿದ್ದ ಚಪ್ಪಲಿ ಹೊಲಿದವನು ಇಲ್ಲೇ ಕೂತಿದ್ದಾನೆ, ಅವನ ಹೊಲಿಗೆ ಬಿಟ್ಟಿತ್ತೇ ಕೇಳಿ ಎಂದ. ಮತ್ತೆ ನಗು, ಮತ್ತೆ ಒರೆಸಿದರು. ಹೀಗೆ ಹನ್ನೊಂದು ಗೆರೆ ಹೋದವು. ಊರಿನವರಲ್ಲಿ ಕೆಲವರು ಬಣ್ಣದವರ ಪಕ್ಕಕ್ಕೆ ಸರಿದು ಕೂತರು. ಬಾವಿಯ ಬಳಿ ಹಗ್ಗ ಬದಲಿಸುತ್ತಿದ್ದ ಹೆಂಗಸೊಬ್ಬಳು ಅವಳಿ ಮಕ್ಕಳಲ್ಲಿ ಒಂದನ್ನು ಎತ್ತಿಕೊಂಡಿದ್ದಳು.

ಆಗ ಅವನು ಹನ್ನೆರಡನೆಯದನ್ನು ಓದಿದ. ಕೆಳಗಿನ ಅರ್ಧ ಖಾಲಿ ಇದ್ದುದರಿಂದ ಓದುವುದನ್ನು ಅಲ್ಲಿಗೇ ನಿಲ್ಲಿಸಿದ.

ಮುಖ್ಯ ತೀರ್ಪುಗಾರ ಒಳ್ಳೆಯವನು. ಬೆರಳನ್ನು ಬಟ್ಟಲಿನಲ್ಲಿ ಅದ್ದಿಯೇ ಇಟ್ಟುಕೊಂಡು ಕಾದ.

"ಏನಾದರೂ ಹೇಳಪ್ಪ" ಎಂದ. "ಇಷ್ಟು ಹೊತ್ತು ಚೆನ್ನಾಗಿ ಹೇಳಿದೆ. ಇದಕ್ಕೂ ಒಂದು ಮಾತು ಹೇಳು, ಒರೆಸಿಬಿಡ್ತೀನಿ."

"ನನಗೆ ಗೊತ್ತಿಲ್ಲ."

"ಗೊತ್ತಿರೋ ಹಾಗೆ ಹೇಳು."

"ಅವನು ನನ್ನನ್ನು ಗೆಳೆಯಾ ಅಂತ ಕರೆದು ಕೇಳಿದ್ದಾನೆ. ಅವನಿಗೆ ಗೊತ್ತಿರೋ ಹಾಗೆ ಹೇಳೋಕೆ ಆಗಲ್ಲ."

ತೀರ್ಪುಗಾರ ಬೆರಳನ್ನು ಹೊರತೆಗೆದು ತನ್ನ ಬಟ್ಟೆಗೆ ಒರೆಸಿಕೊಂಡ. ಕಲ್ಲಿನ ಮೇಲೆ ಒಂದು ಗೆರೆ ಉಳಿಯಿತು. ಒಂದು ಗೆರೆ ಉಳಿದರೂ ದೂರು ಉಳಿದಂತೆ. ಅದು ಎಲ್ಲರಿಗೂ ಗೊತ್ತಿದ್ದ ನಿಯಮ. ಯಾರೂ ಕೂಗಲಿಲ್ಲ. ಬಾವಿಯ ಹೆಂಗಸು ಮಗುವನ್ನು ಅದರ ತಾಯಿಗೆ ವಾಪಸು ಕೊಟ್ಟಳು, ಕೊಡುವಾಗ ಅದರ ಟೋಪಿ ಸರಿಮಾಡಿ ಕೊಟ್ಟಳು.

ನಲವತ್ತು ಮನೆಯವರು ಎರಡು ದಿನದಲ್ಲಿ ಗಂಟು ಕಟ್ಟಿದರು. ತೊಟ್ಟಿಗಳನ್ನು ಒಯ್ಯಲಾಗಲಿಲ್ಲ. ನೀಲಿಯನ್ನು ಹೊಳೆಗೆ ಸುರಿದರು. ಆ ಒಂದು ದಿನ ಹೊಳೆ ಕಪ್ಪಾಗಿರದೆ ನೀಲಿಯಾಗಿ ಹರಿಯಿತು. ಆ ನೀಲಿಯ ಮೇಲೆ ಏಳು ದೋಣಿಗಳು ಸಾಲಾಗಿ ಸಮುದ್ರದ ಕಡೆಗೆ ಹೊರಟವು.

ದೋಣಿಯಲ್ಲಿ ಉತ್ತರಗಾರನ ಪಕ್ಕದಲ್ಲಿ ಯಾರೂ ಕೂರಲಿಲ್ಲ. ದೋಣಿ ಚಿಕ್ಕದು, ಜನ ಹೆಚ್ಚು. ಆದರೂ ಅವನ ಸುತ್ತ ಒಬ್ಬ ಮನುಷ್ಯನಿಗಾಗುವಷ್ಟು ಜಾಗ ಖಾಲಿ ಇತ್ತು. ಅವನು ಹನ್ನೆರಡು ಹಾಳೆಗಳ ಕಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ. ಅಳುತ್ತಿದ್ದ ಅವಳಿ ಮಕ್ಕಳ ದನಿ ಹಿಂದಿನ ದೋಣಿಯಿಂದ ಕೇಳುತ್ತಿತ್ತು. ಆ ಅಳು ತನ್ನಿಂದ ಎಂದು ಅವನಿಗೆ ಗೊತ್ತಿತ್ತು. ಮಾಡಿದ್ದು ಸರಿಯೇ ಎಂದು ತನ್ನನ್ನು ತಾನೇ ಕೇಳಿಕೊಂಡ; ಅದಕ್ಕೂ ಉತ್ತರ ಬರಲಿಲ್ಲ.

ಎರಡನೆಯ ದಿನ ನಡುಹಗಲಿನ ಹೊತ್ತಿಗೆ ನೀರು ಉಪ್ಪಾಗತೊಡಗಿದ ಮೇಲೆ, ಹಿರಿಯ ದೋಣಿಯ ಆ ತುದಿಯಿಂದ ಎದ್ದು, ಒಬ್ಬೊಬ್ಬರ ಭುಜ ಹಿಡಿದುಕೊಂಡು ಬಂದು ಆ ಖಾಲಿ ಜಾಗದಲ್ಲಿ ಕೂತ.

"ಅದನ್ನ ತೆಗಿ. ಕೊನೇದು" ಎಂದ.

ಉತ್ತರಗಾರ ಹನ್ನೆರಡನೆಯ ಹಾಳೆ ತೆಗೆದ.

"ಕೆಳಗೆ ಜಾಗ ಇದೆಯಲ್ಲ. ನಮ್ಮವ್ವನ ಹೆಸರು ಬರಿ. ಅಮ್ಮಿಯಾ. ಸುದ್ದಿ ಬರೋ ಮುಂಚೆ ಹೋದಳು. ಇಪ್ಪತ್ತು ವರ್ಷ ರೊಟ್ಟಿ ಮುರಿದೆ, ಒಂದು ಸಲವೂ ಅವಳ ಹೆಸರು ಹೇಳಲಿಲ್ಲ. ಹೇಳಬಾರದು ಅಂದುಕೊಂಡಿದ್ದೆ."

ಉತ್ತರಗಾರ ಬರೆದ. ಬರೆಯುವಾಗ ಅವನ ಕೈಬರಹ ಎಡಕ್ಕೆ ವಾಲಲಿಲ್ಲ. ಅಮ್ಮಿಯಾಳ ಕೆಳಗೆ ತನ್ನ ತಾಯಿಯ ಹೆಸರು ಬರೆದ: ತ್ರಿಫೈನ. ಪಕ್ಕದವಳು ಅದನ್ನು ನೋಡಿ ತನ್ನ ಅಜ್ಜಿಯ ಹೆಸರು ಹೇಳಿದಳು. ಚಪ್ಪಲಿ ಹೊಲಿಯುವವನು ಹೇಳಿದ. ಹಾಳೆ ತೊಳೆಯುವವಳು ಮುಂದಿನ ದೋಣಿಯಲ್ಲಿದ್ದಳು, ಅಲ್ಲಿಂದಲೇ ಕೂಗಿ ಎರಡು ಹೆಸರು ಹೇಳಿದಳು, ಆಮೇಲೆ ನೆನಪಾಗಿ ಮೂರನೆಯದನ್ನೂ ಹೇಳಿದಳು. ಒಬ್ಬರಿಂದ ಒಬ್ಬರಿಗೆ ಸುದ್ದಿ ಹೋಗಿ ಹಿಂದಿನ ದೋಣಿಗಳಿಂದಲೂ ಹೆಸರುಗಳು ನೀರಿನ ಮೇಲೆ ಬರತೊಡಗಿದವು. ಕೆಳಗಿನ ಅರ್ಧ ತುಂಬಿತು. ಅಂಚಿನಲ್ಲಿ ಅಡ್ಡಡ್ಡ ಬರೆದ.

ಹಿರಿಯ ಹಾಳೆಯನ್ನು ಹತ್ತಿರಕ್ಕೆ ಹಿಡಿದು ಮೇಲಿನಿಂದ ಕೆಳಗಿನವರೆಗೆ ನೋಡಿದ.

"ಇದು ಅವನಿಗೆ ಉತ್ತರವೇನಪ್ಪಾ?"

"ಅಲ್ಲ" ಎಂದ ಉತ್ತರಗಾರ.

ಹಿರಿಯ ತಲೆಯಾಡಿಸಿದ. ಹಾಳೆಯ ಮೇಲೆ ತನ್ನ ನೆರಳು ಬೀಳದ ಹಾಗೆ ಸ್ವಲ್ಪ ಸರಿದು ಕೂತ.

"ಸರಿ. ಅವ್ವನಿಗೆ ಒಬ್ಬಳು ತಂಗಿ ಇದ್ದಳು" ಎಂದ. "ಅವಳದ್ದೂ ಬರಿ."